ಡಿಸೆಂಬರ್ ರಜೆಗೆ ಮರುಭೂಮಿ: ಜೈಸಲ್ಮೇರ್ ಹೋಗೋದಾ, ಕಛ್ ಹೋಗೋದಾ?

ಮುಲುಂಡ್ ಸೊಸೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಮಕ್ಕಳಿಗೆ ರಜೆ. ಪ್ರತಿ ಸಲ ಊರು, ಇಲ್ಲಾಂದ್ರೆ ಮಹಾಬಳೇಶ್ವರ. ಈ ಸಲ ಮಗಳು ಮರಳುಗಾಡು ನೋಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ಜೊತೆಗೆ ಅತ್ತೆ, ಮಾವ ಬರುತ್ತಾರೆ. ಮಾವನಿಗೆ ಮಂಡಿ ನೋವು. ಅತ್ತೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ಲ.

ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿ ಹೀಗಿದೆ: ಜೈಸಲ್ಮೇರ್ ಕೋಟೆ, ಸಮ್ ಅನ್ನುವ ಮರಳು ದಿಬ್ಬಗಳ ಜಾಗದಲ್ಲಿ ಟೆಂಟ್, ಒಂಟೆ ಸವಾರಿ, ಜೀಪ್ ಸಫಾರಿ, ರಾತ್ರಿ ಡ್ಯಾನ್ಸ್ ಮತ್ತು ಊಟ. ರೀಲ್ಸ್ ನೋಡಿ ನೋಡಿ ಎಲ್ಲ ಟೆಂಟೂ ಒಂದೇ ಥರ ಕಾಣ್ತಿದೆ. ಪಕ್ಕದ ಮನೆಯ ಕಛ್ಛಿ ಆಂಟಿ ಮಾತ್ರ "ನಮ್ಮ ಕಡೆ ಹೋಗಿ, ಉಪ್ಪಿನ ಬಯಲು ಬಿಳಿ ರಣ್ ನೋಡಿ" ಅಂತಾರೆ. ಹೋಗಿ ಬಂದವರು ಸ್ವಲ್ಪ ಹೇಳ್ತೀರಾ?

ಚೆಂಬೂರು ಗೋಳಿಬಜೆ

ಮೊದಲು ರೈಲು ನೋಡಿಕೊಳ್ಳಿ, ಆಮೇಲೆ ಜಾಗ. ಭುಜ್‌ಗೆ ಬಾಂದ್ರಾ ಟರ್ಮಿನಸ್‌ನಿಂದ ಕಛ್ ಎಕ್ಸ್‌ಪ್ರೆಸ್ ಇದೆ. ಸಂಜೆ ಹತ್ತಿದರೆ ಬೆಳಿಗ್ಗೆ ಭುಜ್. ಜೋಧ್‌ಪುರಕ್ಕೆ ಸೂರ್ಯನಗರಿ ಎಕ್ಸ್‌ಪ್ರೆಸ್, ಅದೂ ಬಾಂದ್ರಾದಿಂದಲೇ. ಮಾರನೇ ದಿನ ಬೆಳಿಗ್ಗೆ ಜೋಧ್‌ಪುರ. ಅಲ್ಲಿಂದ ಜೈಸಲ್ಮೇರ್‌ಗೆ ಕಾರಿನಲ್ಲಿ ಸುಮಾರು ಐದು ಗಂಟೆ. ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿನ ಹಾಗೆ 120 ದಿನ ಇಲ್ಲ. ಕ್ರಿಸ್‌ಮಸ್ ವಾರಕ್ಕೆ ಹೋಗೋದಾದ್ರೆ ಅಕ್ಟೋಬರ್ ಕೊನೆಗೆ ಬೆಳಿಗ್ಗೆ 8 ಗಂಟೆಗೆ ಫೋನ್ ಹಿಡಿದು ಕೂತಿರಬೇಕು. ವೇಟಿಂಗ್ ಲಿಸ್ಟ್ ನಂಬಿ ಮಂಡಿ ನೋವಿನ ಮಾವನನ್ನ ಹೊರಡಿಸಬೇಡಿ.

ಬೇಲಾಪುರ ಭಾವ

ಅಷ್ಟೆಲ್ಲ ಯಾಕೆ? ದುಬೈಗೆ ಹೋಗಿ. ಮಧ್ಯಾಹ್ನ ಹೋಟೆಲ್‌ನಿಂದ ಕರಕೊಂಡು ಹೋಗಿ ಮರಳು ತೋರಿಸಿ, ಊಟ ಹಾಕಿಸಿ ರಾತ್ರಿ ವಾಪಸ್ ಬಿಡ್ತಾರೆ. ಟಾಯ್ಲೆಟ್ ಶುಚಿ, ರಸ್ತೆ ಶುಚಿ. ನಮ್ಮ ಅಣ್ಣ ಅಲ್ಲೇ ಇದ್ದಾನೆ, ಬೇಕಾದ್ರೆ ನಂಬರ್ ಕೊಡ್ತೇನೆ.

ಚೆಂಬೂರು ಗೋಳಿಬಜೆ

ಭಾವ, ಅಣ್ಣನ ಮನೆ ಇದ್ದವರಿಗೆ ದುಬೈ. ನಮಗೆಲ್ಲ ಸ್ಲೀಪರ್ ಕೋಚೇ.

ಗಾಳಿಯಂತ್ರ

ನಾನು ವಿಂಡ್‌ಮಿಲ್ ರಿಪೇರಿ ಕೆಲಸದಲ್ಲಿ ಜೈಸಲ್ಮೇರ್ ಜಿಲ್ಲೆಯಲ್ಲಿ ಕೆಲವು ವರ್ಷ ಇದ್ದವನು, ಈಗ ಪಿಂಪ್ರಿಯಲ್ಲಿದ್ದೇನೆ. ಮೊದಲೇ ಹೇಳಿಬಿಡ್ತೇನೆ. ಮರಳು ನೋಡೋಕೆ ಒಂದು ಸಂಜೆ, ಒಂದು ಬೆಳಿಗ್ಗೆ ಸಾಕು. ಉಳಿದ ಹೊತ್ತು ಅಲ್ಲಿನ ಜನ ನೀರಿಗೆ ಏನು ಮಾಡ್ತಾರೆ ಅಂತ ನೋಡಿ. ಇಲ್ಲಾಂದ್ರೆ ಜುಹೂ ಬೀಚಿಗೆ ಒಂಟೆ ತಂದು ನಿಲ್ಲಿಸಿದರೂ ಆದೀತು.

ಥಾರ್ ಅಂದ್ರೆ ಕಣ್ಣು ಹಾಯಿಸಿದಷ್ಟೂ ಮರಳು ಅಂದುಕೊಂಡು ಜನ ಹೋಗ್ತಾರೆ. ಸುಮಾರು 2 ಲಕ್ಷ ಚದರ ಕಿ.ಮೀ. ಜಾಗ ಅದು. ಬೋಳು ಮರಳು ದಿಬ್ಬ ಅದರಲ್ಲಿ ಅಲ್ಲಲ್ಲಿ ಮಾತ್ರ. ಜೈಸಲ್ಮೇರ್ ಸುತ್ತಮುತ್ತ ಜಾಸ್ತಿ ಇರೋದು ಕಲ್ಲು ನೆಲ, ಕುರುಚಲು ಗಿಡ, ಹುಲ್ಲು, ಎಕ್ಕ. ಅದರ ನಡುವೆ ಊರುಗಳು, ಕುರಿ ಹಿಂಡು, ಸಜ್ಜೆ ಹೊಲ. ಲೋಕದ ಮರುಭೂಮಿಗಳಲ್ಲಿ ಜನ ಹೆಚ್ಚು ಒತ್ತಾಗಿ ಬದುಕುವಂಥದ್ದು ಇದು. ಖಾಲಿ ಜಾಗ ಅಲ್ಲವೇ ಅಲ್ಲ.

ಲೆಕ್ಕ ಬೇಕಾ? 2005ರ ಜುಲೈ 26 ನಮಗೆ ಯಾರಿಗೂ ಮರೆಯಲ್ಲ. ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಬಿತ್ತು. ಜೈಸಲ್ಮೇರ್‌ಗೆ ವರ್ಷಕ್ಕೆ ಸರಾಸರಿ 200 ಮಿ.ಮೀ. ಕೂಡ ಇಲ್ಲ. ನಮ್ಮ ಒಂದು ದಿನದ ನೀರು ಅವರ ಐದು ವರ್ಷದ ಮಳೆ. ಅಷ್ಟರಲ್ಲೇ ಆ ಊರು 1156ರಿಂದ ನಿಂತಿದೆ.

ಮಗಳಿಗೆ ಟಾಂಕಾ ತೋರಿಸಿ. ಹಳ್ಳಿ ಹೊರಗೆ ನೆಲವನ್ನು ಗಟ್ಟಿ ಮಾಡಿ, ನಡುವಿಗೆ ಇಳಿಜಾರು ಬರುವ ಹಾಗೆ ದುಂಡಗೆ ಸವರಿರುತ್ತಾರೆ. ಆ ಅಂಗಳಕ್ಕೆ ಆಗೋರ್ ಅಂತಾರೆ. ನಡುವೆ ನೆಲದೊಳಗೆ ತೊಟ್ಟಿ. ಸುತ್ತ ನೆಲದ ಮಟ್ಟದಲ್ಲಿ ಸಣ್ಣ ಸಣ್ಣ ಕಿಂಡಿ, ಹಾವು ಕಸ ಹೋಗದ ಹಾಗೆ ಸರಳು. ಮೇಲೆ ಮುಚ್ಚಳ. ಎಷ್ಟೋ ಕಡೆ ಮುಚ್ಚಳಕ್ಕೆ ಬೀಗ. ಮಳೆಗಾಲಕ್ಕೆ ಮೊದಲು ಆಗೋರ್ ಗುಡಿಸುತ್ತಾರೆ, ಆಮೇಲೆ ಚಪ್ಪಲಿ ಹಾಕಿ ಯಾರೂ ಕಾಲಿಡಲ್ಲ, ದನ ಕರು ಬಿಡಲ್ಲ. ಬಿದ್ದ ನಾಲ್ಕು ಹನಿಯೂ ಒಳಗೆ ಹೋಗಬೇಕು. ಬೀಗ ಹಾಕಿದ ನೀರನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಮಕ್ಕಳು ಕೇಳುವ ಪ್ರಶ್ನೆಯೇ ಬೇರೆ.

ಡೊಂಬಿವಲಿ ಮೇಷ್ಟ್ರು

ಗಾಳಿಯಂತ್ರದವರು ಹೇಳಿದ್ದು ಸರಿ. ಆದರೆ ಕಛ್ ಬಿಟ್ಟುಬಿಡಬೇಡಿ. ಮುಲುಂಡ್‌ನಲ್ಲಿದ್ದುಕೊಂಡು ಕಛ್ಛಿ ಆಂಟಿ ಮಾತು ಮೀರೋದು ಕಷ್ಟ, ಅರ್ಧ ಮುಲುಂಡ್ ಅವರದ್ದೇ ಅಲ್ವಾ?

ಒಂದು ವಿಷಯ ಮಾತ್ರ ತಿಳಿದುಕೊಂಡು ಹೋಗಿ. ರಣ್‌ನಲ್ಲಿ ಮರಳು ದಿಬ್ಬ ಇಲ್ಲ. ಅದು ಹಿಂದೆ ಕಡಲಿನ ಕೈ. ಹೂಳು ತುಂಬಿ, ನೆಲ ಎದ್ದು, ಸಮುದ್ರ ಹಿಂದೆ ಸರಿದು ಹೀಗಾಗಿದೆ. ಮಳೆಗಾಲದಲ್ಲಿ ಪೂರ್ತಿ ನೀರು ನಿಲ್ಲುತ್ತದೆ. ಅಕ್ಟೋಬರ್ ನಂತರ ಒಣಗುತ್ತಾ ಬಂದು ಮೇಲೆ ಉಪ್ಪು ಕಟ್ಟುತ್ತದೆ. ಡಿಸೆಂಬರ್ ಕೊನೆಗೆ ನಡೆಯೋಕೆ ಗಟ್ಟಿಯಾಗಿರುತ್ತದೆ, ಕೆಲವು ವರ್ಷ ಆಗಲೂ ಕಾಲಡಿ ಕೆಸರು ಸಿಗುತ್ತದೆ. ಉಪ್ಪಿನ ಪದರದ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಹತ್ತಿರ ಕೂತು ನೋಡಿದರೆ ನೆಲದಲ್ಲಿ ಆರು ಮೂಲೆಯ ಗೆರೆಗಳು, ಗೆರೆ ಉದ್ದಕ್ಕೂ ಉಪ್ಪಿನ ಹರಳು ಏರಿ ನಿಂತಿರುತ್ತದೆ.

ಅಲ್ಲಿನ ನೆಲ ಸುಮ್ನೆ ಇರುವಂಥದ್ದೂ ಅಲ್ಲ. 1819ರ ಭೂಕಂಪದಲ್ಲಿ ರಣ್ ನಡುವೆ ಒಂದು ಉದ್ದದ ದಿಬ್ಬವೇ ಎದ್ದು ನಿಂತಿತು, ಜನ ಅದಕ್ಕೆ ಅಲ್ಲಾ ಬಂದ್ ಅಂದರು. ಪಕ್ಕದ ಸಿಂಧ್ರಿ ಕೋಟೆ ನೀರಿನಲ್ಲಿ ಮುಳುಗಿತು. 2001ರ ಜನವರಿ 26ರ ಭುಜ್ ಭೂಕಂಪ ನಮಗೆಲ್ಲ ನೆನಪಿದೆ.

ಬಿಳಿ ರಣ್‌ಗೆ ಧೋರ್ಡೊ ಕಡೆಯಿಂದ ಹೋಗಬೇಕು, ಪರ್ಮಿಟ್ ಬೇಕು. ಭಿರಂಡಿಯಾರಾ ಚೆಕ್‌ಪೋಸ್ಟ್‌ನಲ್ಲಿ ಗುರುತಿನ ಚೀಟಿ ತೋರಿಸಿ ಮಾಡಿಸಬಹುದು, ಆನ್‌ಲೈನ್‌ನಲ್ಲೂ ಆಗುತ್ತದೆ. ಎಲ್ಲರ ಆಧಾರ್ ಜೊತೆಗಿರಲಿ, ಗಡಿ ಹತ್ತಿರದ ಜಾಗ ಅದು. ಅಲ್ಲಿಂದ ಧೋಲಾವೀರಾ ಮಾಡಿ. ಹರಪ್ಪ ಕಾಲದ ಊರು, 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸುತ್ತ ಉಪ್ಪು ನೆಲ, ನಡುವೆ ದ್ವೀಪದಂಥ ಜಾಗದಲ್ಲಿ ಊರು. ಎರಡು ಮಳೆಗಾಲದ ಹಳ್ಳಗಳಿಗೆ ಅಡ್ಡ ಕಟ್ಟೆ ಕಟ್ಟಿ, ಬಂಡೆ ಕೊರೆದು ಸಾಲು ಸಾಲು ಕೊಳ ಮಾಡಿ ನೀರು ಹಿಡಿದಿದ್ದಾರೆ. ಗಾಳಿಯಂತ್ರದವರ ನೀರಿನ ಕಥೆ ನಾಲ್ಕು ಸಾವಿರ ವರ್ಷ ಹಿಂದೆಯೇ ಶುರುವಾಗಿದೆ.

ಮುಲುಂಡ್ ಸೊಸೆ

ಅಯ್ಯೋ ಮೇಷ್ಟ್ರೇ, ಇನ್ನೂ ಗೊಂದಲ ಆಯ್ತು. ಎರಡೂ ಒಂದೇ ಸಲ ಮಾಡೋಕಾಗಲ್ವಾ?

ಡೊಂಬಿವಲಿ ಮೇಷ್ಟ್ರು

ಮಾಡಬಹುದು, ಮಾಡಬೇಡಿ. ಭುಜ್‌ನಿಂದ ಜೈಸಲ್ಮೇರ್‌ಗೆ ರಸ್ತೆಯಲ್ಲಿ ಪೂರ್ತಿ ಒಂದು ದಿನ ಹೋಗುತ್ತದೆ. ಮಂಡಿ ನೋವು ಇರುವವರನ್ನು ಕೂರಿಸಿಕೊಂಡು ಬೇಡ. ಮಗಳು ಕೇಳಿದ್ದು ಮರಳು ಮತ್ತು ಒಂಟೆ ಆದರೆ ಈ ಸಲ ಜೈಸಲ್ಮೇರ್. ಕಛ್‌ಗೆ ಹುಣ್ಣಿಮೆ ನೋಡಿಕೊಂಡು ಇನ್ನೊಮ್ಮೆ ಹೋಗಿ.

ಠಾಣೆ ಜೋಶಿ

ಸಮ್ ಬಗ್ಗೆ ನನ್ನ ಅನುಭವ. ಹೋದ ವರ್ಷ ಒಂದು ಕ್ಯಾಂಪ್‌ನಲ್ಲಿ ಉಳಿದೆವು. ಹೆಸರು ಹೇಳಲ್ಲ. "ಮರಳಿನ ನಡುವೆ ಟೆಂಟ್" ಅಂದಿದ್ದರು. ಹೋಗಿ ನೋಡಿದರೆ ಟೆಂಟ್ ಇರೋದು ಡಾಂಬರು ರಸ್ತೆ ಪಕ್ಕ, ಮರಳು ರಸ್ತೆಯಾಚೆ. ಅಕ್ಕಪಕ್ಕ ಸಾಲಾಗಿ ಅದೇ ಥರದ ಕ್ಯಾಂಪ್. ಸಂಜೆ ಏಳಕ್ಕೆ ಶುರುವಾದ ಸ್ಪೀಕರ್ ಹನ್ನೊಂದರ ತನಕ. ನಮ್ಮ ಕ್ಯಾಂಪ್‌ನಲ್ಲಿ ಘೂಮರ್ ಹಾಡು, ಪಕ್ಕದ ಕ್ಯಾಂಪ್‌ನಲ್ಲಿ ಪಂಜಾಬಿ, ಅದರಾಚೆ ಗಣಪತಿ ವಿಸರ್ಜನೆಗೆ ಹಾಕುವ ಹಾಡು! ಅದನ್ನು ಕೇಳೋಕೆ ಠಾಣೆಯಿಂದ ಅಷ್ಟು ದೂರ ಹೋಗಬೇಕಿತ್ತಾ?

ಬೆಳಿಗ್ಗೆ ದಿಬ್ಬದ ಮೇಲೆ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ. ಬಿಲ್‌ನಲ್ಲಿ ಮಾತ್ರ ಯಾವ ಕೊರತೆಯೂ ಇರಲಿಲ್ಲ.

ಗಾಳಿಯಂತ್ರ

ಜೋಶಿಯವರೇ, ಅದಕ್ಕೇ ನಾನು ಖುರಿ ಕಡೆ ಕಳಿಸ್ತೇನೆ. ಸಮ್ ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಖುರಿ ನೈಋತ್ಯಕ್ಕೆ, ಸ್ವಲ್ಪ ಜಾಸ್ತಿ ದೂರ. ದಿಬ್ಬಗಳು ಸಮ್‌ನಷ್ಟು ದೊಡ್ಡದಲ್ಲ. ಆದರೆ ಅದು ಹಳ್ಳಿ. ಮಣ್ಣಿನ ಗೋಡೆ, ಹುಲ್ಲಿನ ಮಾಡು ಇರುವ ಮನೆಗಳಲ್ಲಿ ಉಳಿಯಬಹುದು. ಅಲ್ಲೂ ಕ್ಯಾಂಪ್ ಬಂದಿದೆ, ಹಾಗಾಗಿ ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಸ್ಪೀಕರ್ ಹಾಕ್ತೀರಾ? ಪಕ್ಕದಲ್ಲಿ ಇನ್ನೊಂದು ಕ್ಯಾಂಪ್ ಇದೆಯಾ? ಟಾಯ್ಲೆಟ್ ಕೋಣೆಗೆ ಸೇರಿಕೊಂಡಿದೆಯಾ? ಮೂರನೆಯದು ಮಾವನಿಗೋಸ್ಕರ. ಪಾಶ್ಚಾತ್ಯ ಕಮೋಡ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ.

ದಿಬ್ಬಕ್ಕೆ ಸಂಜೆ ಎಲ್ಲರೂ ಹೋಗ್ತಾರೆ. ನೀವು ಬೆಳಿಗ್ಗೆ, ಸೂರ್ಯ ಹುಟ್ಟುವ ಮೊದಲೇ ಹೋಗಿ. ರಾತ್ರಿ ಗಾಳಿ ಹಿಂದಿನ ದಿನದ ಹೆಜ್ಜೆ, ಟೈರ್ ಗುರುತು ಎಲ್ಲ ಅಳಿಸಿ ಹೊಸ ಗೀರು ಎಳೆದಿರುತ್ತದೆ. ಅದರ ಮೇಲೆ ಸಣ್ಣ ಕಪ್ಪು ಜೀರುಂಡೆ ಹೋದ ಹಾದಿ, ಎರಡು ಸಾಲು ಚುಕ್ಕಿ. ಒಮ್ಮೊಮ್ಮೆ ನರಿಯ ಹೆಜ್ಜೆ. ಮಗಳ ಕೈಗೆ ಒಂದು ನೋಟ್‌ಬುಕ್ ಕೊಡಿ, ಯಾವುದು ಯಾರ ಹೆಜ್ಜೆ ಅಂತ ಬರೆದುಕೊಳ್ಳಲಿ. ಬಿಸಿಲೇರಿ ಗಾಳಿ ಎದ್ದರೆ ಏನೂ ಉಳಿಯಲ್ಲ.

ದಿಬ್ಬದ ಒಂದು ಮಗ್ಗುಲು ಮೆಲ್ಲಗೆ ಏರುತ್ತದೆ, ಇನ್ನೊಂದು ಕಡಿದಾಗಿ ಇಳಿಯುತ್ತದೆ. ಗಾಳಿ ಬರೋದು ಮೆಲ್ಲಗೆ ಏರುವ ಕಡೆಯಿಂದ. ಮರಳು ಉರುಳುತ್ತಾ ನೆತ್ತಿಗೆ ಬಂದು ಆಚೆ ಜಾರುತ್ತದೆ. ಹಾಗೆ ಜಾರಿ ಜಾರಿ ಇಡೀ ದಿಬ್ಬವೇ ಮುಂದಕ್ಕೆ ಸರಿಯುತ್ತದೆ. ಮಾವ ಹತ್ತೋದಾದ್ರೆ ಏರುವ ಕಡೆಯಿಂದ, ಗಟ್ಟಿ ಗೀರುಗಳ ಮೇಲೆ ಕಾಲಿಟ್ಟು. ಕಡಿದಾದ ಕಡೆ ಮಂಡಿವರೆಗೆ ಹೂತುಹೋಗುತ್ತದೆ.

ಕಲ್ಯಾಣ್ ಲೋಕಲ್

ಒಂಟೆ ಮೇಲೆ ಹಿರಿಯರನ್ನು ಕೂರಿಸಬಹುದಾ? ನಮ್ಮ ಅಮ್ಮನಿಗೂ ಆಸೆ.

ಗಾಳಿಯಂತ್ರ

ಮಂಡಿ, ಸೊಂಟ ನೋವಿದ್ದರೆ ಬೇಡ ಅಂತಲೇ ಹೇಳ್ತೇನೆ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕೂರುವಾಗ ಮುಂಗಾಲು ಮಡಚುತ್ತದೆ, ಮತ್ತೆ ಮುಂದಕ್ಕೆ. ಎರಡೂ ಸಲ ಹಿಂದಕ್ಕೆ ವಾಲಿ ತಡಿ ಗಟ್ಟಿ ಹಿಡಿಯಬೇಕು. ಮಕ್ಕಳಿಗೆ ಮಜಾ, ದೊಡ್ಡವರಿಗೆ ಡಾಕ್ಟರ್. ಒಂಟೆ ಗಾಡಿ ಕೇಳಿ. ಹಳೆ ವಿಮಾನದ ಟೈರು ಹಾಕಿದ ಚಪ್ಪಟೆ ಗಾಡಿ, ಮೇಲೆ ಹಾಸಿಗೆ ಹಾಸಿರುತ್ತಾರೆ. ಕಾಲು ಚಾಚಿ ಕೂರಬಹುದು.

ಜೀಪ್ ಸಫಾರಿ ಪಟ್ಟಿಯಿಂದ ಹೊಡೆದುಹಾಕಿ. ದಿಬ್ಬ ಹತ್ತಿಸಿ ಧಡ್ ಅಂತ ಇಳಿಸ್ತಾರೆ, ಹಿಂದೆ ನಿಂತವರು ಹಾರಿ ಬೀಳೋದು ಹೊಸದಲ್ಲ. ಗಿಡ ಬೇರು ಬಿಟ್ಟು ಮರಳು ಹಿಡಿದು ನಿಲ್ಲಿಸಿದ ಜಾಗವನ್ನೂ ಕಿತ್ತುಹಾಕುತ್ತದೆ.

ಹಕ್ಕಿ ಹುಚ್ಚ, ಪುಣೆ

ಜೀಪ್ ವಿಷಯದಲ್ಲಿ ಒಪ್ಪಿದೆ. ಆದರೆ ಗಾಳಿಯಂತ್ರದವರನ್ನು ನೋಡಿದಾಗ ಒಂದು ಪ್ರಶ್ನೆ ಕೇಳದೆ ಬಿಡೋಕಾಗಲ್ಲ.

ಸಮ್ ಪಕ್ಕದಲ್ಲೇ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ, 3,162 ಚದರ ಕಿ.ಮೀ. ಅಲ್ಲಿನ ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯನ್ನ ಮಹಾರಾಷ್ಟ್ರದಲ್ಲಿ ಮಾಳ್‌ಢೋಕ್ ಅಂತಾರೆ, ನಮ್ಮಲ್ಲಿ ಎರೆಭೂತ. ಸೊಲ್ಲಾಪುರದ ಹತ್ತಿರ ನಾನಜ್‌ನಲ್ಲಿ ಅದಕ್ಕಂತಲೇ ಅಭಯಾರಣ್ಯ ಮಾಡಿದರು, ಈಗ ಅಲ್ಲಿ ಹಕ್ಕಿ ಕಾಣೋದೇ ಅಪರೂಪ. ನಮ್ಮ ಬಳ್ಳಾರಿ ಕಡೆ ಸಿರುಗುಪ್ಪದಲ್ಲಿ ಬೆರಳೆಣಿಕೆ. ಇಡೀ ದೇಶದಲ್ಲಿ ಉಳಿದಿರೋದು 150ರ ಒಳಗೆ, ಹೆಚ್ಚಿನವು ಜೈಸಲ್ಮೇರ್‌ನಲ್ಲಿ. ಗಂಡು ಹಕ್ಕಿ 15 ಕಿಲೋ ತನಕ ತೂಗುತ್ತದೆ. ಕಣ್ಣು ತಲೆಯ ಅಕ್ಕಪಕ್ಕ, ನೇರ ಮುಂದೆ ಸರಿಯಾಗಿ ಕಾಣಲ್ಲ. ಕರೆಂಟ್ ತಂತಿ ಕಂಡರೂ ಅಷ್ಟು ಭಾರದ ಹಕ್ಕಿ ತಟ್ಟನೆ ತಿರುಗೋಕಾಗಲ್ಲ. ಹೊಡೆದು ಸಾಯುತ್ತದೆ. ಹೆಣ್ಣು ಸಾಮಾನ್ಯವಾಗಿ ಇಡೋದು ಒಂದೇ ಮೊಟ್ಟೆ.

ಆ ತಂತಿ ಯಾರದ್ದು? ನಿಮ್ಮ ವಿಂಡ್‌ಮಿಲ್, ಸೋಲಾರ್‌ನವರದ್ದೇ ಅಲ್ವಾ?

ಗಾಳಿಯಂತ್ರ

ಹೌದು, ನಮ್ಮದೇ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನ ನೆಲದೊಳಗೆ ಹಾಕಿ ಅಂತ ಹೇಳಿತು. ಕಂಪನಿಗಳು, ಸರ್ಕಾರ ಎಲ್ಲ ಸೇರಿ ಅದು ಆಗದ ಮಾತು ಅಂದರು. 2024ರಲ್ಲಿ ಕೋರ್ಟ್ ಆ ಆದೇಶ ಸಡಿಲ ಮಾಡಿ ತಜ್ಞರ ಸಮಿತಿ ಹಾಕಿತು. ಹಕ್ಕಿಗೆ ತಂತಿ ಎದ್ದು ಕಾಣಲಿ ಅಂತ ಬಿಲ್ಲೆ ತೂಗುಹಾಕ್ತಾರೆ. ಅದು ಸಾಲದು ಅಂತ ನನಗೂ ಗೊತ್ತು. ಆದರೆ ಪುಣೆಯಲ್ಲಿ ಏಸಿ ಹಾಕುವವರಿಗೆ ಕರೆಂಟ್ ಬೇಕಲ್ಲ ಮಾರಾಯ್ರೇ. ಕಲ್ಲಿದ್ದಲು ಸುಟ್ಟರೆ ಅದಕ್ಕೂ ನೀವೇ ಬೈತೀರಿ.

ಹಕ್ಕಿ ಹುಚ್ಚ, ಪುಣೆ

ಕರೆಂಟ್ ಬೇಡ ಅಂದವರು ಯಾರು? ಹಕ್ಕಿ ಓಡಾಡುವ ಜಾಗ ಬಿಟ್ಟು ಹಾಕಿ ಅಂತ ಹೇಳ್ತಿರೋದು. ಹುಲ್ಲುಗಾವಲು ಕಂಡರೆ ಸರ್ಕಾರಿ ಕಾಗದದಲ್ಲಿ ಪಾಳು ಭೂಮಿ ಅಂತ ಬರೀತಾರೆ, ಅಲ್ಲೇ ಬರೋದು ತೊಂದರೆಯೆಲ್ಲ. ಊರವರು ಓರಣ್ ಅಂತ ದೇವರ ಹೆಸರಿನಲ್ಲಿ ಬಿಟ್ಟ ಕಾಡು, ನಮ್ಮ ಕಡೆಯ ದೇವರಕಾಡು ಇದೆಯಲ್ಲ ಅದೇ ಕ್ರಮ, ಅದರ ಮೇಲೂ ಟವರ್ ನಿಂತಿದೆ.

ಒಂದು ಒಳ್ಳೆ ಸುದ್ದಿ. ಸಮ್ ಮತ್ತು ರಾಮದೇವ್ರಾದಲ್ಲಿ ಮೊಟ್ಟೆ ತಂದು ಮರಿ ಮಾಡಿ ಸಾಕುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಆಯಿತು.

ಮುಲುಂಡ್ ಅಕ್ಕ, ಪಾರ್ಕಿಗೆ ಹೋಗೋದಾದ್ರೆ ಬೆಳಿಗ್ಗೆ ಸುದಾಸರಿ ಕಡೆ ಹೋಗಿ. ಗೋಡಾವಣ್ ಕಾಣುವ ಗ್ಯಾರಂಟಿ ಇಲ್ಲ. ಚಿಂಕಾರಾ, ಮರುಭೂಮಿ ನರಿ, ಹದ್ದುಗಳು ಸಿಗುತ್ತವೆ. ಜೋಧ್‌ಪುರದಿಂದ ಬರುವ ದಾರಿಯಲ್ಲಿ ಫಲೋದಿ ಹತ್ತಿರ ಖೀಚನ್ ಅಂತ ಊರಿದೆ. ಚಳಿಗಾಲ ಪೂರ್ತಿ ಸಾವಿರಾರು ಕುರ್ಜಾ ಕೊಕ್ಕರೆಗಳು ಅಲ್ಲಿ ಇಳಿಯುತ್ತವೆ. ಊರವರೇ ಕಾಳು ಹಾಕುತ್ತಾರೆ. ಬೆಳಿಗ್ಗೆ ಸದ್ದೇ ಬೇರೆ. ಇದನ್ನು ಬಿಡಬೇಡಿ, ಮಂಡಿಗೂ ಕಷ್ಟ ಇಲ್ಲ, ಕುರ್ಚಿ ಹಾಕಿ ಕೂತು ನೋಡಬಹುದು.

ಝುವಾರಿನಗರ ಬಾಗಲಕೋಟೆ

ಗೋವಾದಿಂದ ನಮಸ್ಕಾರ. ನಮ್ಮ ಕಡೆಯವರಿಗೆ ಒಂದು ಮಾಹಿತಿ: ಎರ್ನಾಕುಲಂ–ಅಜ್ಮೇರ್ ಮರುಸಾಗರ ಎಕ್ಸ್‌ಪ್ರೆಸ್ ಮಡಗಾಂವ್‌ನಲ್ಲಿ ನಿಲ್ಲುತ್ತದೆ, ವಾರಕ್ಕೊಂದೇ ಸಲ. ಅದು ತಪ್ಪಿದರೆ ಮುಂಬೈಗೆ ಬಂದು ಬದಲಾಯಿಸಬೇಕು.

ಊಟದ ಬಗ್ಗೆ ಅತ್ತೆಯವರು ಚಿಂತೆ ಮಾಡೋದೇ ಬೇಡ. ಜೈಸಲ್ಮೇರ್‌ನಲ್ಲಿ ಜೈನರು ಇದ್ದಾರೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಕೇಳಿದ ಕಡೆ ಸಿಗುತ್ತದೆ. ಕೇರ್ ಸಾಂಗ್ರಿ ತಿನ್ನಿ. ಕೇರ್ ಒಂದು ಮುಳ್ಳಿನ ಗಿಡದ ಕಾಯಿ. ಸಾಂಗ್ರಿ ಖೇಜಡಿ ಮರದ ಕಾಯಿ. ಖೇಜಡಿ ಬೇರೆ ಅಲ್ಲ, ನಮ್ಮ ದಸರಾದ ಬನ್ನಿ ಮರವೇ! ಎರಡನ್ನೂ ಒಣಗಿಸಿ ಇಟ್ಟು, ಬೇಕಾದಾಗ ನೆನೆಸಿ, ಎಣ್ಣೆ, ಒಣ ಮೆಣಸಿನಕಾಯಿ, ಆಮ್‌ಚೂರ್ ಹಾಕಿ ಮಾಡ್ತಾರೆ. ಮೂರು ನಾಲ್ಕು ದಿನ ಕೆಡಲ್ಲ. ನೀರು ಉಳಿಸುವ ಅಡುಗೆ. ಕಡಲೆ ಹಿಟ್ಟಿನ ಗಟ್ಟೆ, ಕಢಿ ಎಲ್ಲ ಮಜ್ಜಿಗೆ ಮೇಲೆ ನಡೆಯುತ್ತದೆ.

ಸಜ್ಜೆ ರೊಟ್ಟಿ, ಬೆಣ್ಣೆ, ಬೆಲ್ಲ ಕೊಟ್ಟಾಗ ನನಗೆ ಊರೇ ಬಂದಂಗಾಯ್ತು. ಆದರೆ ಅವರು ನಮ್ಮಷ್ಟು ತೆಳ್ಳಗೆ ಬಡಿಯಲ್ಲ. ಈ ಒಂದು ವಿಷಯದಲ್ಲಿ ಬಾಗಲಕೋಟೆಯೇ ಮುಂದೆ, ವಾದ ಬೇಡ.

ಡೊಂಬಿವಲಿ ಮೇಷ್ಟ್ರು

ಬನ್ನಿ ಮರ ಅಂದಿರಿ, ಒಳ್ಳೆಯದಾಯಿತು. 1730ರಲ್ಲಿ ಜೋಧ್‌ಪುರದ ಹತ್ತಿರ ಖೇಜಡ್ಲಿ ಊರಿಗೆ ರಾಜನ ಕಡೆಯವರು ಈ ಮರ ಕಡಿಯೋಕೆ ಬಂದರು. ಅಮೃತಾ ದೇವಿ ಅನ್ನುವ ಬಿಷ್ಣೋಯಿ ಸಮುದಾಯದ ಹೆಂಗಸು ಮರ ಅಪ್ಪಿಕೊಂಡು ಪ್ರಾಣ ಕೊಟ್ಟಳು. ಅವಳ ಹಿಂದೆ ಒಟ್ಟು 363 ಜನ. ಜೋಧ್‌ಪುರದಲ್ಲಿ ಅರ್ಧ ದಿನ ಇದ್ದರೆ ಆ ಜಾಗ ನೋಡಿ ಬನ್ನಿ. ಕೋಟೆ ಬಿಟ್ಟರೂ ಅದನ್ನು ಬಿಡಬೇಡಿ ಅಂತೇನೆ.

ಠಾಣೆ ಜೋಶಿ

ಕೋಟೆ ಬಗ್ಗೆ ಕೇಳಬೇಕಿತ್ತು. ಜೈಸಲ್ಮೇರ್ ಕೋಟೆಯ ಒಳಗೇ ಹೋಟೆಲ್ ಇವೆ. ಒಳಗೆ ಉಳಿಯೋದು ಒಳ್ಳೇದಾ?

ಗಾಳಿಯಂತ್ರ

ನೋಟ ಚೆನ್ನಾಗಿದೆ, ಆದರೂ ಹೊರಗೆ ಉಳಿಯಿರಿ. ಆ ಕೋಟೆಯಲ್ಲಿ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. 2013ರಿಂದ ರಾಜಸ್ಥಾನದ ಬೆಟ್ಟದ ಕೋಟೆಗಳ ಜೊತೆ ಯುನೆಸ್ಕೋ ಪಟ್ಟಿಯಲ್ಲಿದೆ. ಕಟ್ಟಿದ ಕಾಲಕ್ಕೆ ನೀರನ್ನು ಕೆಳಗಿನಿಂದ ಹೊತ್ತು ತರುತ್ತಿದ್ದರು, ಲೆಕ್ಕ ಹಾಕಿ ಬಳಸುತ್ತಿದ್ದರು. ಈಗ ನಲ್ಲಿ ಬಂದಿದೆ, ಹೋಟೆಲ್ ಬಂದಿದೆ, ಪ್ರತಿ ಕೋಣೆಗೂ ಶವರ್. ಆ ನೀರು ಇಂಗಿ ಕೆಳಗಿನ ಮಣ್ಣು ಮೆತ್ತಗಾಗಿ ಬುರುಜುಗಳು ಬಿರುಕು ಬಿಟ್ಟಿವೆ, ಕೆಲವು ಕುಸಿದೂ ಇವೆ. ನೀರಿಲ್ಲದ ಊರಿನ ಕೋಟೆಗೆ ನೀರೇ ಶತ್ರು ಆಗಿದೆ ನೋಡಿ. ಒಳಗೆ ಹೋಗಿ, ಜೈನ ಬಸದಿ ನೋಡಿ, ಚಹಾ ಕುಡಿಯಿರಿ, ಸ್ನಾನ ಮಾತ್ರ ಕೆಳಗೆ ಮಾಡಿ.

ಇನ್ನೊಂದು ಜಾಗ. ಎಲ್ಲರನ್ನೂ ಕುಲ್ಧರಾಕ್ಕೆ ಕರಕೊಂಡು ಹೋಗಿ ದೆವ್ವದ ಕಥೆ ಹೇಳ್ತಾರೆ. ಪಾಲಿವಾಲ ಬ್ರಾಹ್ಮಣರು 84 ಊರು ರಾತ್ರೋರಾತ್ರಿ ಬಿಟ್ಟು ಹೋದರು, ದಿವಾನ ಸಾಲಿಂ ಸಿಂಗ್‌ನ ಕಾಟಕ್ಕೆ, ಶಾಪ ಹಾಕಿ ಹೋದರು ಅಂತ. ನೀರು ಕಡಿಮೆಯಾಗಿ ನಿಧಾನಕ್ಕೆ ಬಿಟ್ಟಿರಬಹುದು, ಭೂಕಂಪ ಇರಬಹುದು ಅನ್ನುವ ವಿದ್ವಾಂಸರೂ ಇದ್ದಾರೆ. ಗೈಡ್‌ಗೆ ದೆವ್ವ ಸಾಕು, ಖಡೀನ್ ತೋರಿಸು ಅನ್ನಿ.

ಖಡೀನ್ ಅಂದ್ರೆ ಆ ಪಾಲಿವಾಲರೇ ಬೆಳೆಸಿದ ಪದ್ಧತಿ. ಸುತ್ತ ಕಲ್ಲಿನ ಇಳಿಜಾರು. ಅದರ ಬುಡದಲ್ಲಿ ಉದ್ದಕ್ಕೆ ಮಣ್ಣಿನ ಒಡ್ಡು ಹಾಕ್ತಾರೆ, ಹೆಚ್ಚಾದ ನೀರಿಗೆ ಕೋಡಿ ಬಿಡ್ತಾರೆ. ಮಳೆ ನೀರು ಇಳಿದು ಬಂದು ಒಡ್ಡಿನ ಹಿಂದೆ ನಿಲ್ಲುತ್ತದೆ. ಅದು ಕೆರೆ ಅಲ್ಲ. ನೀರು ಇಂಗಿ ನೆಲ ಹದಕ್ಕೆ ಬಂದ ಮೇಲೆ ಅಲ್ಲೇ, ನೀರು ನಿಂತ ಜಾಗದಲ್ಲೇ, ಗೋಧಿ ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಕಟ್ಟೋದೇ ಇಲ್ಲ. ಡಿಸೆಂಬರ್‌ನಲ್ಲಿ ಹೋದರೆ, ಮಳೆ ಆದ ವರ್ಷವಾದರೆ, ಬಂಡೆಗಳ ನಡುವೆ ಹಸಿರು ಗೋಧಿ ನಿಂತಿರುತ್ತದೆ. ಬಯಲುಸೀಮೆಯವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ನಮ್ಮ ಕರಾವಳಿಯವರಿಗೆ ಎರಡು ಸಲ ಹೇಳಬೇಕು.

ಚೆಂಬೂರು ಗೋಳಿಬಜೆ

ಕರಾವಳಿಯವರನ್ನ ಯಾಕೆ ಎಳೀತೀರಿ! ನಮಗೆ ನೀರು ಹೊರಗೆ ಹಾಕೋದು ಹೇಗೆ ಅನ್ನೋದೇ ಚಿಂತೆ.

ಹಾಗಿದ್ರೆ ಅಲ್ಲಿ ಜೋರು ಮಳೆ ಬಂದರೆ ಏನು ಗತಿ?

ಗಾಳಿಯಂತ್ರ

2006ರ ಆಗಸ್ಟ್‌ನಲ್ಲಿ ಬಂತು, ಪಕ್ಕದ ಬಾಡ್ಮೇರ್ ಜಿಲ್ಲೆಗೆ. ಕವಾಸ್ ಊರು ಮುಳುಗಿತು, ನೂರಕ್ಕೂ ಜಾಸ್ತಿ ಜನ ಸತ್ತರು. ನೀರು ತಿಂಗಳುಗಟ್ಟಲೆ ಇಳಿಯಲಿಲ್ಲ. ಮರಳಿನ ಕೆಳಗೆ ಜಿಪ್ಸಂ ಪದರ ಇದೆ, ನೀರು ಅದನ್ನು ದಾಟಿ ಇಂಗಲ್ಲ. ಬೇರೆ ಕಾಲದಲ್ಲಿ ಅದೇ ಪದರ ಉಪಕಾರಿ. ಅದರ ಮೇಲೆ ನಿಂತ ಸಿಹಿ ನೀರಿಗೇ ಬೇರಿ ಅಂತ ಕಿರಿದಾದ ಬಾವಿ ತೋಡ್ತಾರೆ.

ಕಲ್ಯಾಣ್ ಲೋಕಲ್

ಚಳಿ ಎಷ್ಟಿರುತ್ತೆ? ಕಲ್ಯಾಣ್‌ನಲ್ಲಿ 15 ಡಿಗ್ರಿ ಆದ್ರೆ ನಾವು ಮಂಕಿ ಕ್ಯಾಪ್ ಹಾಕುವವರು.

ಹಕ್ಕಿ ಹುಚ್ಚ, ಪುಣೆ

ಮಂಕಿ ಕ್ಯಾಪ್ ತಗೊಳ್ಳಿ, ತಮಾಷೆ ಅಲ್ಲ. ಡಿಸೆಂಬರ್ ಕೊನೆಗೆ ರಾತ್ರಿ 10ಕ್ಕಿಂತ ಕೆಳಗೆ ಇಳಿಯುತ್ತದೆ, ಕೆಲವು ರಾತ್ರಿ 5ರ ಹತ್ತಿರ. ಹಗಲು 24, 25. ಗಾಳಿಯಲ್ಲಿ ತೇವ ಇಲ್ಲ, ಮೋಡ ಇಲ್ಲ, ಹಗಲಿನ ಕಾವು ನೆಲದಿಂದ ಬೇಗ ಹೊರಟುಹೋಗುತ್ತದೆ. ಮುಂಬೈಯವರ ಜರ್ಕಿನ್ ಸಾಲಲ್ಲ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜರ್ಕಿನ್. ತುಟಿ ಒಡೆಯುತ್ತದೆ, ವ್ಯಾಸಲಿನ್ ಮರೆಯಬೇಡಿ. ದಮ್ಮು ಇರುವವರು ಇನ್‌ಹೇಲರ್ ಜೇಬಲ್ಲೇ ಇಟ್ಟುಕೊಳ್ಳಿ, ಧೂಳು ಜಾಸ್ತಿ.

ಬೇಸಿಗೆಗೆ ಮಾತ್ರ ಹೋಗಬೇಡಿ. ಆಗ ಹೇಳಿದ ಫಲೋದಿಯಲ್ಲೇ 2016ರ ಮೇ 19ರಂದು 51 ಡಿಗ್ರಿ ಆಗಿತ್ತು.

ಝುವಾರಿನಗರ ಬಾಗಲಕೋಟೆ

ರಾತ್ರಿ ಕಾರ್ಯಕ್ರಮದ ಬಗ್ಗೆ ಜೋಶಿಯವರು ಬೇಸರ ಮಾಡಿಕೊಂಡರು. ಹಾಡು ಬೇಡ ಅನ್ನಬೇಡಿ, ಸ್ಪೀಕರ್ ಬೇಡ ಅನ್ನಿ. ಮಾಂಗಣಿಯಾರ್ ಕಲಾವಿದರನ್ನು ಮನೆಯಂಗಳದಲ್ಲಿ ಕೂರಿಸಿ ಕೇಳಬೇಕು. ತಲೆತಲಾಂತರದಿಂದ ಹಾಡುವ ಮುಸ್ಲಿಂ ಮನೆತನಗಳು, ರಜಪೂತ ಯಜಮಾನರ ಮನೆಯ ಮದುವೆ, ಹುಟ್ಟು ಎಲ್ಲಕ್ಕೂ ಅವರೇ ಹಾಡಬೇಕು. ಕಮಾಯ್ಚಾ ಅಂತ ದುಂಡು ಹೊಟ್ಟೆಯ ತಂತಿ ವಾದ್ಯ, ಕಮಾನಿನಿಂದ ನುಡಿಸ್ತಾರೆ. ಜೊತೆಗೆ ಖಡ್ತಾಲ್, ನಾಲ್ಕು ಮರದ ಪಟ್ಟಿ, ಎರಡು ಕೈಯಲ್ಲಿ. ಒಬ್ಬ ಹುಡುಗ ಅದನ್ನು ಬಾರಿಸಿದ್ದು ಕೇಳಿ ನಮ್ಮ ಕಡೆಯ ಭಜನೆಯ ತಾಳದವರು ಬೆರಗಾಗಬೇಕು. ದುಡ್ಡು ಕ್ಯಾಂಪ್‌ನವರ ಕೈಗೆ ಬೇಡ, ಅವರ ಕೈಗೇ ಕೊಡಿ.

ಡೊಂಬಿವಲಿ ಮೇಷ್ಟ್ರು

ಒಂಟೆಯವನಿಗೂ ಹಾಗೆಯೇ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಒಂಟೆ ಇದ್ದದ್ದು ಸುಮಾರು 2.5 ಲಕ್ಷ, 2012ರಲ್ಲಿ 4 ಲಕ್ಷ ಇತ್ತು. ಟ್ರ್ಯಾಕ್ಟರ್ ಬಂತು, ರಸ್ತೆ ಬಂತು, ಮೇವಿನ ಜಾಗ ಹೋಯಿತು. ರಾಜಸ್ಥಾನ ಅದನ್ನು ರಾಜ್ಯ ಪ್ರಾಣಿ ಮಾಡಿ, ಹೊರಗೆ ಸಾಗಿಸದ ಹಾಗೆ 2015ರಲ್ಲಿ ಕಾನೂನು ತಂದಿತು. ಸಾಕುವವರು ಅದರಿಂದ ಕೊಳ್ಳುವವರೇ ಇಲ್ಲದಂತಾಯಿತು ಅಂತಾರೆ. ಹೀಗಾಗಿ ಸವಾರಿಗೆ ಚೌಕಾಸಿ ಮಾಡುವಾಗ ಸ್ವಲ್ಪ ನೋಡಿ ಮಾಡಿ. ಒಂಟೆಯ ಮೈಮೇಲೆ ಹುಣ್ಣು ಇದೆಯಾ, ಮೂಗಿನ ಗೂಟದ ಹತ್ತಿರ ಗಾಯ ಇದೆಯಾ ಅಂತ ನೋಡಿ, ಇದ್ದರೆ ಹತ್ತಬೇಡಿ.

ಮುಲುಂಡ್ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಟ್ರಾವೆಲ್ಸ್‌ನವರಿಗೆ ಬೇಡ ಅಂದೆವು. ಸೂರ್ಯನಗರಿ ಹಿಡಿದು ಜೋಧ್‌ಪುರ, ಖೀಚನ್ ಮೇಲೆ ಜೈಸಲ್ಮೇರ್, ಆಮೇಲೆ ಖುರಿ. ಜೀಪ್ ಇಲ್ಲ. ಮಾವ ಪಾಲಿವಾಲರ ಒಡ್ಡು ನೋಡಲೇಬೇಕು ಅಂತಾರೆ. ಅವರು ಹಾವೇರಿಯವರು, ನೀರಾವರಿ ಇಲಾಖೆಯಲ್ಲಿದ್ದವರು. ಈಗ ಮಗಳಿಗಿಂತ ಅವರದ್ದೇ ಅವಸರ. ಮಗಳ ಕಡೆಯಿಂದ ಒಂದು ಪ್ರಶ್ನೆ: ಮರಳು ಮನೆಗೆ ತರಬಹುದಾ?

ಗಾಳಿಯಂತ್ರ

ಅದು ನಿಮ್ಮನ್ನು ಕೇಳಲ್ಲ, ತಾನಾಗೇ ಬರುತ್ತೆ. ಶೂ, ಕಿವಿ, ಮೊಬೈಲ್ ಚಾರ್ಜಿಂಗ್ ತೂತು, ಎಲ್ಲದರಲ್ಲೂ. ಕ್ಯಾಮೆರಾ ಇದ್ದರೆ ಅಲ್ಲಿ ಲೆನ್ಸ್ ಬಿಚ್ಚಬೇಡಿ. ಮಾವನವರಿಗೆ ಅಕಲ್ ಕೂಡ ಹೇಳಿ. ಊರಿನಿಂದ ಬಾಡ್ಮೇರ್ ರಸ್ತೆಯಲ್ಲಿ 17 ಕಿ.ಮೀ., ಕಲ್ಲಾದ ಮರದ ಬೊಡ್ಡೆಗಳಿವೆ, 18 ಕೋಟಿ ವರ್ಷ ಹಿಂದಿನವು. ಅಲ್ಲಿಂದ ಒಂದು ಚೂರೂ ಎತ್ತಿಕೊಳ್ಳುವ ಹಾಗಿಲ್ಲ ಅಂತ ಮಗಳಿಗೆ ಮೊದಲೇ ಹೇಳಿಡಿ.

ಕಲ್ಯಾಣ್ ಲೋಕಲ್

ಅಕ್ಕ, ಯಾವ ತಾರೀಕಿಗೆ ಟಿಕೆಟ್ ಮಾಡ್ತೀರಿ? ಅಮ್ಮ ಒಂಟೆ ಗಾಡಿಗೆ ಒಪ್ಪಿದ್ದಾರೆ. ಖುರಿಯಲ್ಲಿ ಎರಡು ಮನೆಯವರು ಸೇರಿದರೆ ಅಂಗಳದ ಹಾಡಿನ ಖರ್ಚೂ ಹಂಚಿಕೊಳ್ಳಬಹುದು.

ಮುಲುಂಡ್ ಸೊಸೆ

24ಕ್ಕೆ ಹೊರಡೋದು. ಬುಕಿಂಗ್ ತೆರೆದ ದಿನ ಇಲ್ಲೇ ಹೇಳ್ತೇನೆ, ಒಂದೇ ಬೋಗಿ ಸಿಗುತ್ತಾ ನೋಡೋಣ. ಲೋವರ್ ಬರ್ತ್ ಮಾತ್ರ ಮೊದಲು ಮಾವನಿಗೆ, ಆಮೇಲೆ ನಿಮ್ಮಮ್ಮನಿಗೆ!